ಬಾಣಂತಿ ಕೋಣೆಯಲ್ಲಿ ಬೇರೊಬ್ಬಳು

ಅಕ್ಟೋಬರ್ 11, 1997, ಶನಿವಾರ

ಮನೆಗೆ ಮಾರಿ, ಊರಿಗೆ ಉಪಕಾರಿ. ಈ ಗಾದೆ ಕಟ್ಟಿದವರು ನನ್ನ ಗಂಡನನ್ನು ನೋಡಿಯೇ ಕಟ್ಟಿರಬೇಕು. ಸಂಜೆ ನಾಲ್ಕಕ್ಕೆ ಬಾಗಿಲು ತೆರೆದರೆ ಇವರು, ಇವರ ಹಿಂದೆ ಎತ್ತರದ ಒಬ್ಬ ಕಪ್ಪು ಹೆಂಗಸು. ಅರವತ್ತರ ಮೇಲಿರಬೇಕು. ತಲೆಗೆ ಚರ್ಚಿಗೆ ಹೋಗುವಾಗ ಹಾಕುವಂಥ ಟೋಪಿ, ಕೈಯಲ್ಲಿ ಒಂದೇ ಸೂಟ್‌ಕೇಸು. "ನಾಗವ್ವಾ, ಇವರು ಮಿಸೆಸ್ ಫ್ಯಾರೆಲ್. ಆರು ವಾರ ನಮ್ಮ ಕಡೆ ಇರತಾರ" ಎಂದರು, ಸಂತೆಯಿಂದ ಬದನೆಕಾಯಿ ತಂದವರ ಹಾಗೆ.

ಇವರನ್ನು ಒಳಗೆ ಕರೆದು ಕೇಳಿದೆ. ಇವರು ಕೆಲಸ ಮಾಡುವ ಟ್ಯೂಬ್ ರೈಲು ಸ್ಟೇಷನ್ನಿನ ಒಬ್ಬ ಹುಡುಗನಿಗೆ ಈ ಹೆಂಗಸು ಚಿಕ್ಕಮ್ಮನಾಗಬೇಕಂತೆ. ಕೆರಿಬಿಯನ್ ಸಮುದ್ರದಲ್ಲಿ ಮಾಂಟ್‌ಸೆರಾಟ್ ಎಂಬ ದ್ವೀಪವಂತೆ. ಅಲ್ಲಿಯ ಗುಡ್ಡ ಎರಡು ವರ್ಷದಿಂದ ಬೆಂಕಿ ಕಾರುತ್ತಿದೆ, ಊರೆಲ್ಲ ಬೂದಿಯಲ್ಲಿ ಹೂತುಹೋಗಿದೆ, ಜನ ಇಲ್ಲಿಗೆ ಬರುತ್ತಿದ್ದಾರೆ. ಆ ಹುಡುಗನ ಮನೆಯಲ್ಲಿ ಆಗಲೇ ಒಂಬತ್ತು ಜನ. ಕೌನ್ಸಿಲ್‌ನ ಸರಕಾರಿ ಮನೆ ಸಿಗುವತನಕ ನಮ್ಮಲ್ಲಿರಲಿ ಎಂದು ಇವರು ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಮಾತು ಕೊಟ್ಟುಬಿಟ್ಟರು.

"ಯಾವ ಖೋಲ್ಯಾಗ ಇಡವ್ರು?" ಎಂದೆ.

"ಮ್ಯಾಲಿನ ಹಿಂದಿನ ಖೋಲಿ ಖಾಲಿ ಐತೆಲ್ಲ."

ಖಾಲಿಯಂತೆ. ಮಗಳು ನೇತ್ರಾಗೆ ಮೂರು ತಿಂಗಳು, ಏಪ್ರಿಲ್‌ನಲ್ಲಿ ಹೆರಿಗೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಐದು ತಿಂಗಳು, ಆ ಕೋಣೆಯಲ್ಲೇ. ಕಿಟಕಿಗೆ ದಪ್ಪ ಪರದೆ ಹೊಲಿದು ಹಾಕಿದ್ದೇನೆ. ತಣ್ಣನೆ ಗಾಳಿ ಬಾರದಿರಲೆಂದು ಸಂದುಗಳಿಗೆಲ್ಲ ಬಟ್ಟೆ ತುರುಕಿದ್ದೇನೆ. ಇದೆಲ್ಲ ಇವರ ಕಣ್ಣಮುಂದೆಯೇ ಮಾಡಿದ್ದು. "ಆರು ವಾರ ಅಷ್ಟ" ಎಂದು ಟೀವಿ ಹಚ್ಚಿದರು.

ಅಕ್ಟೋಬರ್ 14, ಮಂಗಳವಾರ

ನಿಯಮ ಹೇಳಿದ್ದಾಯಿತು. ನಾವು ಲಿಂಗವಂತರು. ಈ ಮನೆಯಲ್ಲಿ ಮಾಂಸವಿಲ್ಲ, ಮೀನಿಲ್ಲ, ಮೊಟ್ಟೆಯೂ ಇಲ್ಲ. ಹೊರಗೆ ತಿಂದು ಬಂದ ದಿನ ಅಡುಗೆಮನೆಗೆ ಕಾಲಿಡುವಂತಿಲ್ಲ. ನನ್ನ ಹರಕು ಇಂಗ್ಲಿಷಿನಲ್ಲಿ ಒಂದೊಂದೇ ಹೇಳುತ್ತಿದ್ದರೆ ಆ ಹೆಂಗಸು ಕೈಕಟ್ಟಿ ನಿಂತು, ಪಾಠ ಒಪ್ಪಿಸುವ ಹುಡುಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಅವಳೂರಿನಲ್ಲಿ ಪ್ರೈಮರಿ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದಳಂತೆ. ಆಗಿದ್ದರೆ ಆಗಿರಲಿ. ಲಗ್ನಕ್ಕೆ ಮೊದಲು ನಾನೂ ಎರಡು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಷರ ಕಲಿಸಿದವಳೇ.

ಎಲ್ಲ ಕೇಳಿದ ಮೇಲೆ "ಇದನ್ನು ಬರೆದುಕೊಡುತ್ತೀರಾ? ಮರೆಯಬಾರದು" ಎಂದಳು. ಚುಚ್ಚಿದಳೋ ನಿಜವಾಗಿ ಕೇಳಿದಳೋ ಗೊತ್ತಾಗಲಿಲ್ಲ. ಇಂಗ್ಲಿಷರ ನಾಡಿನ ಈ ಇಲ್ಫರ್ಡಿಗೆ ಬಂದು ಇಪ್ಪತ್ತೈದು ವರ್ಷವಾಯಿತು. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಬರೆಯಲು ಬಾರದು. ಬಾಯಿಮಾತೇ ಸಾಕು ಎಂದೆ.

ಅಕ್ಟೋಬರ್ 30, ಗುರುವಾರ

ಹಬ್ಬದ ದಿನವೇ ಅಪಮಾನ. ಬೆಳಿಗ್ಗೆ ಪೂಜೆ ಮುಗಿಸಿದಾಗ ಆ ಹೆಂಗಸು ಮೆಟ್ಟಿಲಿಳಿದು ಬಂದಳು. ಹಬ್ಬವಲ್ಲವೇ, ಎದುರಿಗೆ ಬಂದವರನ್ನು ಬಿಟ್ಟು ಹೇಗೆ ಎಂದು ವಿಭೂತಿ ತಟ್ಟೆಯನ್ನು ಅವಳ ಮುಂದೆ ಹಿಡಿದೆ. ಹಾವು ಕಂಡವಳ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆತುಕೊಂಡಳು. "ಬೂದಿ ಬೇಡ" ಎಂದಳು. ತಿರುಗಿ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ದೇವರ ಪ್ರಸಾದ ಅವಳಿಗೆ ಬೂದಿ. ಇವರಿಗೆ ಹೇಳಿದರೆ "ಆಕಿಗೆ ಗೊತ್ತಿಲ್ಲ, ಬಿಡು" ಎಂದು ಹೋಳಿಗೆಗೆ ತುಪ್ಪ ಸುರಿದುಕೊಂಡರು.

ನವೆಂಬರ್ 8, ಶನಿವಾರ

ದಿನಕ್ಕೆ ಮೂರು ಸಲ ಒದ್ದೆ ಬಟ್ಟೆ ಹಿಡಿದು ಕಿಟಕಿಯ ಕಟ್ಟೆ ಒರೆಸುತ್ತಾಳೆ. ಮೊದಲು ಅವಳ ಕೋಣೆಯದಷ್ಟೇ ಒರೆಸುತ್ತಿದ್ದಳು. ಈಗ ಬಚ್ಚಲು, ಮೆಟ್ಟಿಲು, ಇಂದು ನನ್ನ ಹೊಲಿಗೆ ಮಷಿನ್ನಿನ ಮೇಲೂ ಕೈಯಾಡಿಸಿ ಬೆರಳು ನೋಡಿಕೊಂಡಳು. ನನ್ನ ಮನೆಯಲ್ಲಿ ಧೂಳು ಹುಡುಕುವ ಸೊಕ್ಕು ನೋಡು. ಮೂಗಿಗಿಂತ ಮೂಗುತಿ ಭಾರ.

ನವೆಂಬರ್ 23, ಭಾನುವಾರ

ಆರು ವಾರ ನಿನ್ನೆಗೆ ಮುಗಿಯಿತು. ಹೋಗಲಿಲ್ಲ.

ಡಿಸೆಂಬರ್ 6, ಶನಿವಾರ

ದಾನಪ್ಪನ ಕಾಗದ ಬಂತು. ತಮ್ಮ ಎಂದೂ ಉದ್ದ ಬರೆಯುವವನಲ್ಲ, ಈ ಸಲ ನಾಲ್ಕು ಪುಟ ಬರೆದಿದ್ದಾನೆ. ಬೀಳಗಿ ಬದಿಯ ನಮ್ಮ ಹಳ್ಳಿ ಆಲಮಟ್ಟಿ ಹಿನ್ನೀರಿಗೆ ಹೋಗುವುದು ಖಾಯಂ ಆಯಿತು. ಅಧಿಕಾರಿಗಳು ಬಂದು ಮನೆಮನೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರಂತೆ. ನಮ್ಮ ಮನೆಗೆ ನೂರಾ ಹದಿನಾಲ್ಕು.

ಪಡಸಾಲೆಯ ಮಗ್ಗುಲಿಗೆ ಒಂದು ಕತ್ತಲೆ ಕೋಣೆಯಿತ್ತು. ನಮ್ಮ ಆಯಿ, ಅವ್ವ, ಮೂವರು ಅತ್ತೆಯರು, ಅಕ್ಕ, ಎಲ್ಲರ ಬಾಣಂತನ ಅಲ್ಲೇ ಆದದ್ದು. ಹೊರಸಿನ ಕೆಳಗೆ ಅಗ್ಗಿಷ್ಟಿಕೆ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಮೈಗೆ ಎಣ್ಣೆ, ಹಂಡೆ ತುಂಬ ಬಿಸಿನೀರು, ಅಳ್ವಿ ಪಾಯಸ, ಅಂಟಿನುಂಡಿ. ಮನೆಯಲ್ಲಿ ನನಗೊಬ್ಬಳಿಗೆ ಅದು ಸಿಗಲಿಲ್ಲ. ನೇತ್ರಾ ಇಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದಳು, ಎಪ್ಪತ್ಮೂರರ ಜನವರಿಯಲ್ಲಿ. ಇವರಿಗೆ ಶಿಫ್ಟು. ಮನೆಗೆ ಬಂದ ನಾಲ್ಕನೇ ದಿನ ನಾನು ತಣ್ಣೀರಿನಲ್ಲಿ ಪಾತ್ರೆ ತಿಕ್ಕುತ್ತ ನಿಂತಿದ್ದೆ. ಕೂಸು ಅಳುತ್ತಿತ್ತು, ನಾನೂ ಅಳುತ್ತಿದ್ದೆ. ಕೇಳುವವರು ಯಾರೂ ಇರಲಿಲ್ಲ. ನನ್ನ ಮಗಳಿಗೆ ಹಾಗಾಗಕೂಡದು ಎಂದು ಅಂದೇ ನಿಶ್ಚಯ ಮಾಡಿದ್ದೆ.

ಊಟದ ಹೊತ್ತಿಗೆ ಇವರು ಈ ಸುದ್ದಿಯನ್ನೆಲ್ಲ ಇಂಗ್ಲಿಷ್ ಮಾಡಿ ಮೇಲಿನವಳಿಗೆ ಹೇಳಿದರು. ಅವಳು ನನ್ನ ಕಡೆ ತಿರುಗಿ, "ನಿಮ್ಮ ಊರೂ ಹೋಗುತ್ತದೆಯೇ?" ಎಂದಳು. ಆ "ನಿಮ್ಮ ಊರೂ" ಎಂಬ ಮಾತು ನನಗೆ ಸರಿಬರಲಿಲ್ಲ. ನಮ್ಮದು ಸಾವಿರಾರು ಎಕರೆಗೆ ನೀರು ಕೊಡಲು ಹೋಗುವ ಊರು. "ನಮ್ಮದು ಸರಕಾರ ತೆಗೆದುಕೊಂಡದ್ದು, ನಿಮ್ಮದು ದೇವರು ಸಿಟ್ಟಾಗಿ ಸುಟ್ಟದ್ದು" ಎಂದೆ. ಅವಳು ಚಮಚ ಕೆಳಗಿಟ್ಟು, ತಟ್ಟೆ ತೊಳೆದಿಟ್ಟು ಮೇಲೆ ಹೋದಳು. ಇವರು ನನ್ನೊಡನೆ ಎರಡು ದಿನ ಮಾತಾಡುವುದಿಲ್ಲ, ನೋಡುತ್ತಿರಿ.

ಡಿಸೆಂಬರ್ 25, ಗುರುವಾರ

ಮೇಲಿನವಳು ಬೆಳಗಿನಿಂದ ಚರ್ಚಿಗೆ ಹೋಗಿದ್ದಳು. ಪರದೆ ಹಾಳುಮಾಡಿದ್ದಾಳೋ ನೋಡೋಣವೆಂದು ಕೋಣೆಗೆ ಹೋದೆ. ನನ್ನ ಮನೆ, ನನ್ನ ಕೋಣೆ, ಇದರಲ್ಲಿ ಕದ್ದು ನೋಡುವುದೇನು ಬಂತು.

ಪರದೆ ಸರಿಯಾಗಿತ್ತು. ಮೇಜಿನ ಮೇಲೆ ಪ್ರವಾಸಿಗರಿಗೆ ಹಂಚುವ ಬಣ್ಣದ ಪುಸ್ತಿಕೆ ಇತ್ತು. ಕೆರಿಬಿಯನ್ನಿನ ಪಚ್ಚೆ ದ್ವೀಪಕ್ಕೆ ಸ್ವಾಗತ ಎಂದು ಹೊದಿಕೆಯ ಮೇಲೆಯೇ ಬರೆದಿದೆ. ಎಷ್ಟೋ ಕಾಲದ ಹಿಂದೆ ಐರ್ಲೆಂಡಿನವರು ಹೋಗಿ ನೆಲೆಸಿದ್ದರಂತೆ, ಅದಕ್ಕೇ ಈ ಫ್ಯಾರೆಲ್ ಎಂಬ ಹೆಸರು. ಅಲ್ಲಿ ಇಳಿದವರ ಪಾಸ್‌ಪೋರ್ಟಿಗೆ ಮೂರೆಲೆಯ ಸೊಪ್ಪಿನ ಮುದ್ರೆ ಒತ್ತುತ್ತಾರಂತೆ. ಕಪ್ಪು ಮರಳಿನ ದಂಡೆಗಳು, ದೋಣಿಯಲ್ಲೇ ಹೋಗಬೇಕಾದ ಒಂದೇ ಒಂದು ಬಿಳಿ ಮರಳಿನ ಕೊಲ್ಲಿ, ಕಾಡಿನೊಳಗೆ ಜಲಪಾತ, ಗಂಧಕ ಕುದಿಯುವ ಬುಗ್ಗೆ, ಗರಿಯ ಟೋಪಿ ಹಾಕಿ ಚಾಟಿ ಹಿಡಿದು ಕುಣಿಯುವ ಮುಖವಾಡದವರು, ಪ್ಲಿಮತ್ ಎಂಬ ಪಟ್ಟಣದ ಶನಿವಾರದ ಸಂತೆ. ಒಂದು ಹಳ್ಳದ ನೀರು ಕುಡಿದವರು ದ್ವೀಪಕ್ಕೆ ಮರಳಿ ಬಂದೇ ಬರುತ್ತಾರೆ ಎಂದೂ ಬರೆದಿದ್ದಾರೆ. ಹಾಗಾದರೆ ಬರುವಾಗ ಇವಳು ಒಂದು ತಂಬಿಗೆ ಕುಡಿದು ಬರಬೇಕಿತ್ತು.

ಪುಟಪುಟಕ್ಕೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದಾಳೆ. ಹಳ್ಳಕ್ಕೆ ಸರಿ ಗುರುತು, ಬಿಳಿ ದಂಡೆಗೆ ಸರಿ ಗುರುತು. ಜಲಪಾತಕ್ಕೆ ಕಾಟು. ಬುಗ್ಗೆಗೆ ಕಾಟು. ಪ್ಲಿಮತ್ ಚಿತ್ರಕ್ಕೆ ಮೂಲೆಯಿಂದ ಮೂಲೆಗೆ ದೊಡ್ಡ ಕಾಟು, ಒಂದು ಕೆಂಪು ಛಾವಣಿಯನ್ನು ಮಾತ್ರ ಬಿಟ್ಟು ಗೆರೆ ಸುತ್ತಿ ಹೋಗಿದೆ. ಮಾಸ್ತರಿಕೆ ಎಲ್ಲಿ ಹೋದರೂ ಬಿಡದು. ಪುಸ್ತಿಕೆ ಹೇಗಿತ್ತೋ ಹಾಗೇ ಇಟ್ಟು ಕೆಳಗಿಳಿದೆ. ಮಧ್ಯಾಹ್ನ ತಲೆನೋವು ಬಂದು ಅಡುಗೆ ತಡವಾಯಿತು.

ಫೆಬ್ರುವರಿ 1, 1998, ಭಾನುವಾರ

ನೇತ್ರಾಳ ಕುಬಸ ಆಯಿತು. ಏಳನೇ ತಿಂಗಳ ಶಾಸ್ತ್ರ. ಹಸಿರು ಸೀರೆ, ಹಸಿರು ಬಳೆ, ಹದಿನೈದು ಹೆಂಗಸರು. ಎಲ್ಲ ನನ್ನ ಮನಸ್ಸಿನಂತೆಯೇ ನಡೆಯಬೇಕಿತ್ತು. ಫ್ಯಾರೆಲ್ ಇದ್ದಳಲ್ಲ.

ಎಲ್ಲರೂ ಬಾಯಿಗೆ ಸಿಹಿ ತುರುಕುವುದು ಪದ್ಧತಿ. ಎಂಟನೆಯವರು ವಿಜಯಾ. ಅವರು ಕರಿಗಡುಬು ಎತ್ತಿದಾಗ ನೇತ್ರಾಳ ಮುಖ ಬಿಳಿಚಿತು. ಬಸುರಿಯರಿಗೆ ಅದೆಲ್ಲ ಇದ್ದದ್ದೇ. ಫ್ಯಾರೆಲ್ ಜನರ ನಡುವೆ ನುಗ್ಗಿ ಬಂದು, ಒಂದು ಕೈ ಎತ್ತಿ ವಿಜಯಾರನ್ನು ತಡೆದಳು. ತರಗತಿಯಲ್ಲಿ ಗದ್ದಲ ನಿಲ್ಲಿಸುವ ಕೈ ಅದು. ಎಲ್ಲರೂ ಸುಮ್ಮನಾದರು, ನಾನೂ ಆದೆ. ಅವಳು ನೇತ್ರಾಳ ಮುಂದೆ ಬಗ್ಗಿ, "ಮಗು, ನಿನಗೇನು ಬೇಕು?" ಎಂದಳು.

"ನೀರು. ಐದು ನಿಮಿಷ ಯಾರೂ ಬೇಡ" ಎಂದಳು ನನ್ನ ಮಗಳು ಇಂಗ್ಲಿಷಿನಲ್ಲಿ, ಹದಿನೈದು ಜನರೆದುರು.

ಇಬ್ಬರೂ ಮೇಲೆ ಹೋಗಿ ಮುಕ್ಕಾಲು ಗಂಟೆ ಕುಳಿತರು. ನಗುವುದು ಕೇಳಿಸುತ್ತಿತ್ತು. ನಾನು ಕೆಳಗೆ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಹೆತ್ತವಳು ನಾನು.

ಮಾರ್ಚ್ 17, ಮಂಗಳವಾರ

ಇಂದು ಅವರ ದ್ವೀಪದ ದೊಡ್ಡ ಹಬ್ಬವಂತೆ. ಹಿಂದೆ ಜೀತದಾಳುಗಳು ದಣಿಗಳ ಮೇಲೆ ತಿರುಗಿಬಿದ್ದ ದಿನವಂತೆ. ಊರವರೆಲ್ಲ ಯಾವುದೋ ಚರ್ಚ್ ಹಾಲಿನಲ್ಲಿ ಸೇರಿ ಆಡಿನ ಸಾರು ಮಾಡಿಕೊಂಡು ತಿನ್ನುತ್ತಾರೆ ಎಂದು ಇವರು ಹೇಳಿದರು. ಮದುವೆಗೂ ಅದೇ, ಸಾವಿಗೂ ಅದೇ. ಇವತ್ತಾದರೂ ನಿಯಮ ಮುರಿಯುತ್ತಾಳೆ, ಸಿಕ್ಕಿಬೀಳುತ್ತಾಳೆ ಎಂದು ಸಂಜೆಯಿಂದ ಬಾಗಿಲ ಬಳಿಯೇ ಕಾದು ಕುಳಿತೆ.

ಏಳಕ್ಕೆ ಬಂದಳು. ಮುಂದಿನ ಬಾಗಿಲಿಗೆ ಬರಲಿಲ್ಲ, ಸದ್ದು ಕೇಳಿ ಅಡುಗೆಮನೆಯ ಕಿಟಕಿಗೆ ಹೋಗಿ ನೋಡಿದೆ. ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ, ತೋಟದ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಬಾಯಿ ಮುಕ್ಕಳಿಸಿ, ಕೋಟು ಹೊರಗೇ ಕೊಡವಿ ಒಳಗೆ ಬಂದಳು. ಮಾರ್ಚಿನ ಚಳಿಯಲ್ಲಿ ಆ ನೀರು ಐಸಿನ ಹಾಗಿರುತ್ತದೆ. ಅಡುಗೆಮನೆಯ ಹೊಸ್ತಿಲ ಮುಂದೆ ನಿಂತು "ಇವತ್ತು ನನಗೆ ಊಟ ಬೇಡ" ಎಂದು ಮೇಲೆ ಹೋದಳು. ಪ್ರತಿ ಭಾನುವಾರ ಚರ್ಚಿನಿಂದ ಬಂದಾಗಲೂ ಹೀಗೇ ಮಾಡುತ್ತಾಳೆಂದು ಇವರು ಅಂದರು. ನನಗೆ ತಿಳಿದಿರಲಿಲ್ಲ. ನನಗೆ ಕಾಣಲಿ ಎಂದು ಮಾಡುವವಳಾದರೆ ಹಿತ್ತಲಿಗೆ ಯಾಕೆ ಹೋಗುತ್ತಾಳೆ ಎಂದು ಯೋಚಿಸಿ ಸಿಟ್ಟು ಇನ್ನಷ್ಟು ಏರಿತು.

ಮಾರ್ಚ್ 24, ಮಂಗಳವಾರ

ಹೆರಿಗೆಗೆ ಇನ್ನು ನಾಲ್ಕೇ ವಾರ. ಕೌನ್ಸಿಲ್‌ಗೆ ದೂರು ಬರೆಯಿರಿ ಎಂದರೆ ಇವರು "ನಾ ಬರಿಯೂದಿಲ್ಲ, ನೀನೂ ಬರಸಬ್ಯಾಡ" ಎಂದು ಡ್ಯೂಟಿಗೆ ಹೋದರು. ಅಳಿಯ ಸುಶಾಂತನಿಗೆ ಫೋನ್ ಮಾಡಿದರೆ ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದ. ಈ ಓಣಿಯಲ್ಲಿ ಚೆನ್ನಾಗಿ ಇಂಗ್ಲಿಷ್ ಬರೆಯುವವರು ಮತ್ತಾರಿದ್ದಾರೆಂದು ಯೋಚಿಸಿ, ಮೆಟ್ಟಿಲು ಹತ್ತಿ ಫ್ಯಾರೆಲ್‌ಳ ಬಾಗಿಲನ್ನೇ ತಟ್ಟಿದೆ.

"ಕೌನ್ಸಿಲ್‌ಗೆ ಒಂದು ಕಾಗದ ಬರೆಯಬೇಕು" ಎಂದೆ.

"ಯಾವ ವಿಷಯ?"

"ನಿಮ್ಮ ವಿಷಯ. ನಿಮ್ಮನ್ನು ಇಲ್ಲಿಂದ ತೆಗೆಯಬೇಕೆಂದು."

ಅವಳು ಕನ್ನಡಕ ಹಾಕಿಕೊಂಡು, ಹಾಳೆ ತೆಗೆದು, ಮೂಲೆಯಲ್ಲಿ ತಾರೀಖು ಬರೆದಳು. "ಹೇಳಿ."

ಅಡುಗೆಮನೆಯಲ್ಲಿ ಮಾಂಸ ಬೇಯಿಸುತ್ತಾಳೆ ಎಂದೆ. ಪೆನ್ನು ನಿಂತಿತು. "ಯಾವ ದಿನ? ದಿನ ಹೇಳದಿದ್ದರೆ ಅವರು ನಂಬುವುದಿಲ್ಲ." ನಾನು ಕಿಟಕಿಯ ಕಡೆ ನೋಡಿದೆ. ಅದನ್ನು ಬಿಡಿ ಎಂದೆ.

ದಿನಕ್ಕೆ ಮೂರು ಸಲ ಒರೆಸಿ ನನ್ನ ಮನೆಯನ್ನು ಹೊಲಸು ಎಂದು ತೋರಿಸುತ್ತಾಳೆ ಎಂದೆ. "ಒರೆಸುವುದು ನಿಜ" ಎಂದು ಅದನ್ನು ಬರೆದಳು. ನನ್ನ ದೇವರ ವಿಭೂತಿಯನ್ನು ಬೂದಿ ಎಂದು ತಳ್ಳಿದಳು ಎಂದೆ. ಅದಕ್ಕೆ ಪೆನ್ನು ಕೆಳಗಿಟ್ಟಳು.

"ಒಂದು ದಿನ ಶಾಲೆ ನಡೆಯುತ್ತಿದ್ದಾಗ ಮಧ್ಯಾಹ್ನವೇ ಕತ್ತಲಾಯಿತು" ಎಂದಳು. "ಮಕ್ಕಳಿಗೆ ಒಬ್ಬರ ಕೈ ಒಬ್ಬರಿಗೆ ಹಿಡಿಸಿ ರಸ್ತೆಯಲ್ಲಿ ನಡೆಸಿಕೊಂಡು ಹೋದೆ. ಚರ್ಚ್ ಮುಟ್ಟಿದಾಗ ಎಲ್ಲರ ಮುಖವೂ ಒಂದೇ ಬಣ್ಣ. ಯಾವ ಮಗು ಯಾವುದೆಂದು ಹೆಸರು ಕೂಗಿಯೇ ತಿಳಿಯಬೇಕಾಯಿತು. ನಿಮ್ಮ ತಟ್ಟೆಯಲ್ಲಿ ಅದೇ ಬಣ್ಣ. ಎರಡು ವರ್ಷ ಒರೆಸಿದ್ದೇನೆ. ಇಲ್ಲಿ ಬೂದಿ ಬೀಳುವುದಿಲ್ಲವೆಂದು ನನಗೆ ಗೊತ್ತು, ಕೈಗೆ ಗೊತ್ತಿಲ್ಲ."

ಇದನ್ನು ಅವತ್ತೇ ಹೇಳಬಾರದಿತ್ತೆ. ಐದು ತಿಂಗಳು ನನ್ನಿಂದ ಪಾಪ ಕಟ್ಟಿಸಿದಳು. ಅದನ್ನೂ ಹೊಡೆದುಹಾಕಿ ಎಂದೆ.

"ಹಾಗಾದರೆ ಏನೂ ಉಳಿಯಲಿಲ್ಲ" ಎಂದಳು. "ನಿಜವಾದ ಕಾರಣ ಏನು?"

ಹೇಳಿದೆ. ಐದು ತಿಂಗಳು, ಎಣ್ಣೆ, ಬಿಸಿನೀರು, ಗಾಳಿ ತಾಗದ ಕೋಣೆ. ನೂರಾ ಹದಿನಾಲ್ಕನೇ ನಂಬರಿನ ಮನೆ. ಇಂಗ್ಲಿಷ್ ಸಾಲದ ಕಡೆ ಕೈಯಲ್ಲಿ ತೋರಿಸಿದೆ. ಎಪ್ಪತ್ಮೂರರ ಪಾತ್ರೆಗಳ ವಿಷಯವನ್ನು ಯಾಕೆ ಹೇಳಿದೆನೋ, ಅದು ದೂರಿಗೆ ಸಂಬಂಧವಿಲ್ಲದ್ದು.

"ನಿಮ್ಮ ಗಂಡ ಈ ಕೋಣೆ ಖಾಲಿ ಇದೆ ಅಂದಿದ್ದರು" ಎಂದಳು.

"ಅವರ ಕಣ್ಣಿಗೆ ಎಲ್ಲವೂ ಖಾಲಿಯೇ."

ಆಗ ಅವಳಿಗೆ ಸಿಟ್ಟು ಬಂತು. ಅವಳ ಸಿಟ್ಟನ್ನು ನಾನು ನೋಡಿದ್ದು ಇದೇ ಮೊದಲು. "ಅಕ್ಟೋಬರಿನಲ್ಲೇ ಇದನ್ನು ಹೇಳಿದ್ದರೆ ಆ ವಾರವೇ ಹೋಗುತ್ತಿದ್ದೆ. ಬಾಣಂತಿಯ ಹಾಸಿಗೆಯಲ್ಲಿ ಮಲಗುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಇಷ್ಟು ತಿಂಗಳು ನನ್ನನ್ನು ಕಳ್ಳಿಯ ಹಾಗೆ ಕಾದಿರಿ." ಹಾಳೆ ಹರಿದು ಹೊಸದನ್ನು ತೆಗೆದು ಅರ್ಧ ಪುಟ ಬರೆದಳು. ಓದಿ ಹೇಳಿದಳು. ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಕೆಳಗೆ ನಾನು ಕನ್ನಡದಲ್ಲಿ ಸಹಿ ಮಾಡಿದೆ. ಅಂಚೆಚೀಟಿಯೂ ಅವಳೇ ಹಚ್ಚಿದಳು, ಮೇಜು ಅಲುಗುವಷ್ಟು ಜೋರಾಗಿ ಒತ್ತಿ.

ಏಪ್ರಿಲ್ 7, ಮಂಗಳವಾರ

ಕೌನ್ಸಿಲ್‌ನಿಂದ ಉತ್ತರ. ಮಗಳು ಬಂದು ಇರುವುದು ನಿಜವೆಂದು ಅವಳ ಸಹಿ ಬೇಕಂತೆ. ಕೂಡಲೇ ಫೋನ್ ಮಾಡಿದೆ.

"ನಾನು ಬರುತ್ತೇನೆಂದು ಯಾವಾಗ ಹೇಳಿದೆ, ಮಮ್?" ಎಂದಳು ನೇತ್ರಾ. ನಾನು ಕನ್ನಡದಲ್ಲಿ ಹೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು, ಚಿಕ್ಕಂದಿನಿಂದ ಹೀಗೇ.

"ಹೇಳೂದ್ಯಾಕ? ಚೊಚ್ಚಲ ಬಾಣಂತನ ತವರಮನ್ಯಾಗ ಆಗೂದು."

"ನೀನು ಕೋಣೆ ಮಾಡಿದೆ, ಪರದೆ ಹೊಲಿದೆ, ಎಲ್ಲರಿಗೂ ಹೇಳಿದೆ. ನನ್ನನ್ನು ಕೇಳಲಿಲ್ಲ. ಕಿಟಕಿ ಮುಚ್ಚಿ ಮಗುವಿಗೆ ಹೊಗೆ ಹಾಕುವುದು ನನಗೆ ಬೇಡ. ನಾನು ಸಹಿ ಮಾಡುವುದಿಲ್ಲ."

ತವರಿಗೆ ಬರಲು ಮಗಳನ್ನು ಕೇಳಬೇಕಂತೆ. ನಮ್ಮವ್ವ ಯಾರನ್ನು ಕೇಳಿದ್ದಳು? ಫೋನ್ ಇಟ್ಟು ತಿರುಗಿದರೆ ಮಿಸೆಸ್ ಫ್ಯಾರೆಲ್ ಮೆಟ್ಟಿಲ ಮೇಲೆ ನಿಂತಿದ್ದಳು. ಎಲ್ಲ ಕೇಳಿಸಿರಬೇಕು. ಹಿಂದಕ್ಕೆ ಹತ್ತಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಳು. ನಕ್ಕಿದ್ದರೂ ತಾಳಿಕೊಳ್ಳುತ್ತಿದ್ದೆ.

ಏಪ್ರಿಲ್ 16, ಗುರುವಾರ

ನನ್ನ ಕಾಗದದಿಂದ ಏನೂ ಆಗಲಿಲ್ಲ, ಪಟ್ಟಿಯಲ್ಲಿ ಅವಳ ಸರದಿಯೇ ಬಂತು. ಡಾಗೆನಂನಲ್ಲಿ ಒಂದು ಕೋಣೆಯ ಫ್ಲಾಟ್. ಮುಂದಿನ ಶುಕ್ರವಾರ ಕೀಲಿ ತೆಗೆದುಕೊಳ್ಳಬೇಕು, ಬೇಡವೆಂದರೆ ಮುಂದಿನವರಿಗೆ ಹೋಗುತ್ತದೆ. ಅಂತೂ ಪೀಡೆ ತೊಲಗುತ್ತದೆ. ಕೋಣೆ ಸಿಗುವ ಹೊತ್ತಿಗೆ ಬಾಣಂತಿಯೇ ಇಲ್ಲ.

ಏಪ್ರಿಲ್ 18, ಶನಿವಾರ

ಹೆಣ್ಣು. ಆರೂವರೆ ಪೌಂಡು. ಇಬ್ಬರೂ ಕ್ಷೇಮ. ಇವತ್ತು ಬೇರೇನೂ ಬರೆಯಲಾರೆ.

ಏಪ್ರಿಲ್ 21, ಮಂಗಳವಾರ

ಅಂಟಿನುಂಡಿ, ಅಜಿವಾನ, ಎಣ್ಣೆ ಹೊತ್ತುಕೊಂಡು ಕೊಲಿಂಡೇಲ್‌ಗೆ, ನೇತ್ರಾಳ ಮನೆಗೆ ಹೋದೆ. ಹೊಸ ಕಟ್ಟಡ, ಲಿಫ್ಟು, ಮೂರನೇ ಮಹಡಿ, ಮನೆ ತುಂಬ ಕಿಟಕಿ. ನೇತ್ರಾ ಬರಿಗಾಲಲ್ಲಿ ಓಡಾಡುತ್ತಿದ್ದಳು. ಕಣ್ಣ ಕೆಳಗೆ ಕಪ್ಪು. ಮೂರು ದಿನದಿಂದ ನಿದ್ದೆಯಿಲ್ಲ, ಸುಶಾಂತ ಸೋಮವಾರ ಕೆಲಸಕ್ಕೆ ಹೋಗಬೇಕು. ಕೂಸನ್ನು ಎತ್ತಿಕೊಂಡೆ. ನಮ್ಮವ್ವನ ಗದ್ದ. ಕಾಲಿಗೆ ಸಾಕ್ಸ್ ಹಾಕು, ಕಿಟಕಿ ಮುಚ್ಚು, ಹೊಟ್ಟೆಗೆ ಬಟ್ಟೆ ಕಟ್ಟು ಎಂದೆ. ಹೇಳುತ್ತಲೇ ಎದ್ದು ಮೂರು ಕಿಟಕಿ ಮುಚ್ಚಿಯೂಬಿಟ್ಟೆ. ಅವಳು ಅಳಲು ಶುರುಮಾಡಿದಳು.

ಅಳು ನಿಂತ ಮೇಲೆ ಅಂದಳು: "ನನಗೆ ಯಾರಾದರೂ ಬೇಕು, ಮಮ್. ನಿನ್ನ ಮನೆಗೆ ಬರುತ್ತೇನೆ, ಆಂಟಿ ಅಲ್ಲೇ ಇದ್ದರೆ. ಮಿಸೆಸ್ ಫ್ಯಾರೆಲ್. ಅವರಿದ್ದರೆ ನೀನು ಮಿತಿಯಲ್ಲಿರುತ್ತೀಯ. ಬೇರೆ ಯಾರ ಮಾತಿಗೂ ನೀನು ನಿಲ್ಲುವುದಿಲ್ಲ."

"ಆಕಿಗೆ ಮನಿ ಸಿಕ್ಕೇತಿ. ಶುಕ್ರವಾರ ಕೀಲಿ ತೊಗೋತಾಳ."

"ಕೇಳಿ ನೋಡು. ನನಗೋಸ್ಕರ ಅಂದರೆ ನಿಲ್ಲುತ್ತಾರೆ."

ಟ್ರೇನಿನಲ್ಲಿ ಬರುವಾಗ ಹಲ್ಲು ಕಚ್ಚಿಕೊಂಡೇ ಬಂದೆ. ಆರು ತಿಂಗಳು ಹೊರಗೆ ಹಾಕಲು ಒದ್ದಾಡಿದವಳ ಕಾಲನ್ನು ಈಗ ನಾನೇ ಹಿಡಿಯಬೇಕು. ಹಿಡಿಯುತ್ತೇನೆ. ಮಗಳಿಗಾಗಿ ಅದನ್ನೂ ಮಾಡುತ್ತೇನೆ. ನೇತ್ರಾಳಿಗೆ ನಮ್ಮ ಮಲಗುವ ಕೋಣೆ ಬಿಟ್ಟುಕೊಟ್ಟು ನಾವಿಬ್ಬರೂ ಕೆಳಗೆ ಮಲಗಿದರಾಯಿತು. ಇಂಗ್ಲಿಷಿನಲ್ಲಿ ಹೇಗೆ ಕೇಳಬೇಕೆಂದು ಇವರಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದೇನೆ.

ಏಪ್ರಿಲ್ 24, ಶುಕ್ರವಾರ

ಕೇಳಲಿಲ್ಲ.

ಮಧ್ಯಾಹ್ನ ಕೀಲಿ ತೆಗೆದುಕೊಂಡು ಬಂದಳು. ಕೋಟೂ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅದನ್ನು ಮೇಜಿನ ಮೇಲಿಟ್ಟಳು. ಸಾಮಾನ್ಯ ಕೀಲಿ, ಅಂಥವು ನಮ್ಮ ಡ್ರಾಯರಿನಲ್ಲಿ ಹತ್ತಿವೆ. "ಊರು ಬಿಟ್ಟ ಮೇಲೆ ಒಂದು ಶಾಲೆಯಲ್ಲಿ ನಲವತ್ತು ಜನ ಮಲಗುತ್ತಿದ್ದೆವು" ಎಂದಳು. "ಬಾಗಿಲ ಬದಲು ಒಂದು ಕಂಬಳಿ ನೇತುಹಾಕಿದ್ದೆ. ಯಾರು ಬೇಕಾದರೂ ಸರಿಸುತ್ತಿದ್ದರು. ಇಲ್ಲಿ ನಿಮ್ಮ ಬಾಗಿಲು." ಕೈ ಕೀಲಿಯ ಮೇಲೆಯೇ ಇತ್ತು.

ನಾನು ಎದುರಿಗೆ ನಿಂತೇ ಇದ್ದೆ. ಮಾತು ಪೂರ್ತಿ ನೆನಪಿತ್ತು, ಒಂದು ಶಬ್ದವೂ ಮರೆತಿರಲಿಲ್ಲ. ಕೇಳಿದ್ದರೆ ಅವಳು ಹೂಂ ಅನ್ನುತ್ತಿದ್ದಳು, ಅದೂ ನನಗೆ ಗೊತ್ತಿತ್ತು. "ಎಷ್ಟನೇ ಮಹಡಿ?" ಎಂದೆ. "ನಾಲ್ಕನೆಯದು" ಎಂದಳು. ಸಂಜೆಯೆಲ್ಲ ನನ್ನ ಮೇಲೆ ನನಗೇ ಕೆಂಡದಂಥ ಸಿಟ್ಟು. ಹೆತ್ತ ಮಗಳಿಗಿಂತ ಇವಳು ಹೆಚ್ಚಾದಳೇ? ಯಾಕೆ ಬಾಯಿ ಬರಲಿಲ್ಲವೋ ಶಿವನೇ ಬಲ್ಲ.

ಏಪ್ರಿಲ್ 25, ಶನಿವಾರ

ಇವರಿಗೆ ಡ್ಯೂಟಿ. ಬರುವಾಗ ಒಂದು ಸೂಟ್‌ಕೇಸು, ಹೋಗುವಾಗ ಐದು ಚೀಲ. ಮಿನಿಕ್ಯಾಬಿನಲ್ಲಿ ನಾನೇ ಜೊತೆಗೆ ಹೋಗಬೇಕಾಯಿತು. ಆ ಕಟ್ಟಡದ ಲಿಫ್ಟು ಕೆಟ್ಟಿತ್ತು. ನಾಲ್ಕು ಮಹಡಿ, ಎರಡು ಸಲ. ನನ್ನ ಮೊಣಕಾಲು ಇನ್ನೂ ನೋಯುತ್ತಿದೆ.

ಮೇಲೆ ಹೋದ ಮೇಲೆ ಮಿಸೆಸ್ ಫ್ಯಾರೆಲ್ ಮಾಡಿದ್ದು ಇದು. ಬಾಗಿಲು ತೆರೆದು ಒಳಗೆ ಹೋಗಿ, ನನ್ನನ್ನು ಚೀಲಗಳ ಜೊತೆ ಹೊರಗೇ ಬಿಟ್ಟು, ಬಾಗಿಲು ಹಾಕಿಕೊಂಡಳು. ಕೀಲಿ ತಿರುಗುವ ಸದ್ದಾಯಿತು. ಮತ್ತೆ ತೆರೆಯುವ ಸದ್ದು, ಮತ್ತೆ ಹಾಕುವ ಸದ್ದು. ಇಂಥ ಮರ್ಯಾದೆಗೆಟ್ಟ ಕೆಲಸವನ್ನು ನಾನು ಜನ್ಮದಲ್ಲಿ ನೋಡಿಲ್ಲ. ಅಲ್ಲೇ ಗೋಡೆಗೆ ಒರಗಿ ನಿಂತೆ. ಬಾಗಿಲು ತಟ್ಟಲಿಲ್ಲ. ಎಷ್ಟು ಹೊತ್ತೋ ಆದ ಮೇಲೆ ತೆರೆದಳು, ಮುಖ ತೊಳೆದುಕೊಂಡಿದ್ದಳು. "ಒಳಗೆ ಬನ್ನಿ" ಎಂದಳು. ಚಪ್ಪಲಿ ಕಳೆದು ಹೋದೆ. ಕೂಡಲು ಒಂದು ಕುರ್ಚಿಯೂ ಇಲ್ಲ. ಇಬ್ಬರೂ ನೆಲದ ಮೇಲೆ ಕುಳಿತು ನಲ್ಲಿ ನೀರು ಕುಡಿದೆವು. ಒಂದೇ ಲೋಟ.

"ನೇತ್ರಾ ಫೋನ್ ಮಾಡಿದ್ದಳು" ಎಂದಳು. "ನೀವು ನನ್ನನ್ನು ಏನೋ ಕೇಳಬೇಕಿತ್ತಂತೆ."

"ಮರೆತೆ" ಎಂದೆ.

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ. ಕಟ್ಟೆಯ ಮೇಲೆ ಧೂಳಿತ್ತು, ಎದ್ದು ಸೆರಗಿನಿಂದ ಒರೆಸಿ ಬಂದೆ.

ಏಪ್ರಿಲ್ 26, ಭಾನುವಾರ

ಬೆಳಿಗ್ಗೆ ಫೋನಿನ ಮುಂದೆ ಕುಳಿತೆ. ಇವರು ಪಕ್ಕದಲ್ಲೇ ಪೇಪರ್ ಹಿಡಿದು ಓದುವ ನಾಟಕ ಮಾಡುತ್ತಿದ್ದರು.

"ಆಕಿ ಹೋದಳು, ನೇತ್ರಾ. ನಾ ಕೇಳಲಿಲ್ಲ" ಎಂದೆ.

ಆ ಕಡೆ ಕೂಸು ಅಳುತ್ತಿತ್ತು. "ಸರಿ, ಮಮ್" ಎಂದಳು. ಇಡುವವಳಿದ್ದಳು.

"ತಡಿಯವ್ವಾ. ನಿನಗ ಒಂದ ಮಾತು ಕೇಳೂದೈತಿ." ಐವತ್ತೆರಡು ವರ್ಷದಲ್ಲಿ ನಾನು ಯಾರನ್ನೂ ಈ ರೀತಿ ಕೇಳಿದವಳಲ್ಲ. "ನಾ ಅಲ್ಲಿಗಿ ಬರಲೇನ? ಕಿಡಕಿ ತಗದಿದ್ರ ತಗದಿರಲಿ. ಹೊಗಿ ಹಾಕೂದಿಲ್ಲ. ನೀ ಮಲಕೊ, ಕೂಸಿನ್ನ ನಾ ಹಿಡಕೊಂಡಿರ್ತೀನಿ. ಬ್ಯಾಡಂದ್ರ ಬ್ಯಾಡ."

ಕೂಸಿನ ಅಳು ಮಾತ್ರ ಕೇಳುತ್ತಿತ್ತು. ಇವರ ಪೇಪರ್ ಕೆಳಗಿಳಿದಿತ್ತು.

"ಎಷ್ಟು ದಿನ?" ಎಂದಳು.

"ನೀ ಹೇಳಿದಷ್ಟ."

"ಮೂರು ದಿನ. ಆಮೇಲೆ ನೋಡೋಣ."

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಐದು ತಿಂಗಳು ನಡೆದ ಬಾಣಂತನ ನನ್ನ ಕಾಲಕ್ಕೆ ಮೂರು ದಿನಕ್ಕೆ ಇಳಿಯಿತು. ಅದೂ ಅಳಿಯನ ಮನೆಯ ಸೋಫಾದ ಮೇಲೆ ಮಲಗಿ. ಹುಟ್ಟಿದ ಮನೆ ಮುಳುಗುವುದಕ್ಕೆ ಮೊದಲೇ ನನ್ನ ಮಾನ ಮುಳುಗಿತು ಎಂದು ಅರ್ಧ ಗಂಟೆ ಇವರಿಗೆ ಬೈದೆ. ಅವರು ಬಟ್ಟೆ ಚೀಲ ತಂದು ಕೊಟ್ಟರು. ಎರಡು ಸೀರೆ ಇಟ್ಟುಕೊಂಡೆ. ಮೂರು ದಿನಕ್ಕೆ ಎರಡು ಸಾಕು. ನಾಳೆ ಸುಶಾಂತ ಕೆಲಸಕ್ಕೆ ಹೊರಡುವ ಮೊದಲೇ ಅಲ್ಲಿರಬೇಕು, ಆರರ ಟ್ರೇನಿಗೆ ಹೋಗುತ್ತೇನೆ.